ಜೀವಕೋಶದ ಬಾಗಿಲುಗಳು

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಮಂಗಳ ಸಮಯದಲ್ಲಿ ಶರೀರಾರೋಗ್ಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಶಾಸ್ತ್ರವು ಬಹು ವಿಸ್ತಾರವಾದುದು; ನಮಗಿರುವ ಕಾಲವು ಅಲ್ಪವಾದುದು. ಆದುದರಿಂದ ಒಂದೇ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ನಾವು ಉಂಡ ಅನ್ನವೂ ಕುಡಿದ ನೀರೂ ಹೊಟ್ಟೆಯನ್ನು ಸೇರಿದ ಮಾತ್ರಕ್ಕೆ ನಮ್ಮವಾದುವೆಂದು ಎಲ್ಲರೂ ತಿಳಿದಿರುತ್ತೇವೆ. ನಿಜವಾಗಿ ನೋಡಿದರೆ, ಹೊಟ್ಟೆಯಲ್ಲಿರುವುದು ಇನ್ನೂ ಹೊರಗಿನದೇ. ಅದು ಒಳಕ್ಕೆ ಬರಬೇಕಾದರೆ ಬಾಗಿಲು ಬೇಕು. ಬಾಗಿಲನ್ನು ತೆರೆಯುವವರು ಬೇಕು. ಪದಾರ್ಥವಿದ್ದೂ ಬಾಗಿಲು ಕೆಟ್ಟರೆ ಮನುಷ್ಯನು ನೀರಿನ ನಡುವೆಯೇ ಬಾಯಾರಿ ಸಾಯುವನು. ಒಂದು ಬಾಗಿಲು ಕೆಟ್ಟಾಗ ಮತ್ತೊಂದು ಬಾಗಿಲನ್ನು ಅರಿತವನು ಚಿಟಿಕೆ ಉಪ್ಪು, ಹಿಡಿ ಸಕ್ಕರೆಗಳಿಂದಲೇ ಅವನನ್ನು ಬದುಕಿಸಬಲ್ಲನು. ಈ ಮಾತನ್ನೇ ನಾನು ಈ ಹೊತ್ತು ವಿವರಿಸಬೇಕೆಂದಿದ್ದೇನೆ.

ನಮ್ಮ ಶರೀರವು ಸುಮಾರು ೩೦ ಲಕ್ಷ ಕೋಟಿ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆಯೆಂದು ಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಒಂದೊಂದು ಕೋಶವೂ ಒಂದೊಂದು ಮನೆಯಿದ್ದಂತೆ. ಆ ಮನೆಗೆ ಗೋಡೆಯಾಗಿರುವುದು ಒಂದು ತೆಳ್ಳಗಿನ ಪೊರೆ. ಅದರ ದಪ್ಪವು ಒಂದು ಮಿಲ್ಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಈ ಪೊರೆಯು ಜಿಡ್ಡಿನಂತಹ ಪದಾರ್ಥದಿಂದಾಗಿದೆ. ಎಣ್ಣೆಯೂ ನೀರೂ ಬೆರೆಯಲಾರವೆಂಬುದನ್ನು ಅಡಿಗೆಮನೆಯ ಅನುಭವವುಳ್ಳ ತಾಯಂದಿರಿಗೆ ಹೇಳಬೇಕಾದುದಿಲ್ಲ. ಆದುದರಿಂದ ನೀರಿನಲ್ಲಿ ಕರಗಿದ ಉಪ್ಪಾಗಲಿ, ಸಕ್ಕರೆಯಾಗಲಿ ಈ ಜಿಡ್ಡಿನ ಗೋಡೆಯನ್ನು ತಾನಾಗಿ ದಾಟಲಾರದು. ಹಾಗೆಂದು ಮನೆಗೆ ಗೋಡೆಯೊಂದೇ ಇದ್ದು ಬಾಗಿಲಿಲ್ಲದಿದ್ದರೆ ಒಳಗಿರುವವರ ಗತಿಯೇನು? ಈ ಕಾರಣದಿಂದ ಪೊರೆಯ ಉದ್ದಗಲಕ್ಕೂ ಪ್ರೋಟೀನುಗಳೆಂಬ ಪದಾರ್ಥದಿಂದಾದ ಬಾಗಿಲುಗಳು ನಾಟಿಕೊಂಡಿವೆ. ಇವುಗಳಿಗೆ ಸಾಗಣೆಯ ಪ್ರೋಟೀನುಗಳೆಂದು ಹೆಸರು. ಇವುಗಳಲ್ಲಿ ಒಂದೊಂದಕ್ಕೂ ತನ್ನದೇ ಆದ ಕೆಲಸವುಂಟು. ಸಕ್ಕರೆಯ ಬಾಗಿಲಿನಲ್ಲಿ ಸುಣ್ಣದಂಶವು ನುಸುಳಲಾರದು, ನೀರಿನ ಬಾಗಿಲಿನಲ್ಲಿ ಉಪ್ಪು ಹೋಗಲಾರದು.

ಈ ಬಾಗಿಲುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರೆ ತಿಳಿಯುವುದು ಸುಲಭ. ಮೊದಲನೆಯದು ಕೆರೆಯ ತೂಬಿನಂತಹುದು. ತೂಬನ್ನು ಎತ್ತಿದರೆ ನೀರು ಮೇಲಿನಿಂದ ಕೆಳಕ್ಕೆ ತಾನಾಗಿ ಹರಿಯುವುದು, ಮುಚ್ಚಿದರೆ ನಿಲ್ಲುವುದು. ಎರಡನೆಯದು ಹೊಳೆಯ ಹರಿಗೋಲಿನಂತಹುದು. ಅದು ಗೊತ್ತಾದ ಪ್ರಯಾಣಿಕರನ್ನು ಮಾತ್ರ ಹತ್ತಿಸಿಕೊಂಡು ಈ ದಡದಿಂದ ಆ ದಡಕ್ಕೆ ಮುಟ್ಟಿಸಿ, ಬರಿದಾಗಿ ಹಿಂದಿರುಗುವುದು. ಮೂರನೆಯದು ಬಾವಿಯ ಏತದಂತಹುದು. ಏತವು ನೀರನ್ನು ಕೆಳಗಿನಿಂದ ಮೇಲಕ್ಕೆ ಎತ್ತುವುದು. ಆದುದರಿಂದ ಅದಕ್ಕೆ ದುಡಿಮೆ ಬೇಕು, ದುಡಿಯುವವನಿಗೆ ಅನ್ನ ಬೇಕು. ಮನುಷ್ಯನಲ್ಲಿ ಹರಿಗೋಲಿನ ಜಾತಿಯ ಪ್ರೋಟೀನುಗಳೇ ನಾನೂರಕ್ಕೂ ಮೇಲ್ಪಟ್ಟು ಇವೆ. ಮನುಷ್ಯನಿಗೆ ಮಾತ್ರವಲ್ಲ, ಮರಿಗಳಿಗೆ ಹಾಲೂಡಿಸುವ ಸಸ್ತನಿಗಳಾದ ಹಸು, ಕುರಿ, ನಾಯಿ, ಇಲಿ ಮೊದಲಾದುವುಗಳಿಗೆಲ್ಲ ಹೆಚ್ಚು ಕಡಿಮೆ ಇವೇ ಬಾಗಿಲುಗಳು.

ಮೊದಲು ಏತದ ವಿಚಾರವನ್ನು ನೋಡೋಣ. ಏಕೆಂದರೆ ಉಳಿದ ಬಾಗಿಲುಗಳೆಲ್ಲ ಅದರ ದುಡಿಮೆಯನ್ನು ನಂಬಿಕೊಂಡಿವೆ. ನಮ್ಮ ರಕ್ತದಲ್ಲಿ ಅಡಿಗೆಯ ಉಪ್ಪಿನ ಅಂಶವಾದ ಸೋಡಿಯಂ ಹೆಚ್ಚು. ಕೋಶದ ಒಳಗೆ ಅದು ಬಹಳ ಕಡಿಮೆ, ಅಲ್ಲಿ ಪೊಟ್ಯಾಸಿಯಂ ಎಂಬ ಬೇರೊಂದು ಲವಣಾಂಶವು ಹೆಚ್ಚು. ಈ ತಾರತಮ್ಯವನ್ನು ಕಾಪಾಡುವ ಯಂತ್ರವನ್ನು ಡೆನ್ಮಾರ್ಕ್ ದೇಶದ ಯೆನ್ಸ್ ಸ್ಕೌ ಎಂಬ ವಿದ್ವಾಂಸರು ೧೯೫೭ರಲ್ಲಿ ಏಡಿಯ ಕಾಲಿನ ನರಗಳಲ್ಲಿ ಕಂಡುಹಿಡಿದರು. ಅದಕ್ಕಾಗಿ ಅವರಿಗೆ ನಲವತ್ತು ವರ್ಷಗಳಾದ ಮೇಲೆ, ೧೯೯೭ರಲ್ಲಿ, ನೊಬೆಲ್ ಪಾರಿತೋಷಕವು ಸಂದಿತು. ಈ ಏತವು ಒಂದೊಂದು ಸಲಕ್ಕೂ ಮೂರು ಸೋಡಿಯಂ ಕಣಗಳನ್ನು ಹೊರಕ್ಕೆ ಎತ್ತಿಹಾಕಿ, ಎರಡು ಪೊಟ್ಯಾಸಿಯಂ ಕಣಗಳನ್ನು ಒಳಕ್ಕೆ ತರುತ್ತದೆ. ನಾವು ಸುಮ್ಮನೆ ಮಲಗಿರುವಾಗಲೂ ಶರೀರವು ವ್ಯಯಮಾಡುವ ಶಕ್ತಿಯಲ್ಲಿ ಐದನೆಯ ಒಂದು ಪಾಲಿನಷ್ಟು ಈ ಏತಕ್ಕೇ ಸಲ್ಲುತ್ತದೆ. ಉಂಡ ಐದು ತುತ್ತುಗಳಲ್ಲಿ ಒಂದು ತುತ್ತು ಇದರದೆಂದು ತಿಳಿಯಬಹುದು.

ಈ ಏತವನ್ನು ತಡೆದರೆ ಏನಾಗುವುದೆಂಬುದಕ್ಕೆ ದೃಷ್ಟಾಂತವು ನಮ್ಮ ಹಿತ್ತಿಲಿನಲ್ಲಿಯೇ ಇದೆ. ಪೂಜೆಗೆ ಹೂ ಕೊಡುವ ಕಣಗಿಲೆಯ ಎಲೆಯನ್ನು ಮೇಯ್ದ ದನವು ಸಾಯುವುದೆಂದು ಹಳ್ಳಿಯವರೆಲ್ಲರೂ ಬಲ್ಲರು. ಕಣಗಿಲೆಯಲ್ಲಿರುವ ವಿಷವು ಹೃದಯದ ಕೋಶಗಳಲ್ಲಿರುವ ಇದೇ ಏತಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಆಗ ಕೋಶದೊಳಗೆ ಸೋಡಿಯಂ ತುಂಬುತ್ತದೆ, ಅದನ್ನನುಸರಿಸಿ ಸುಣ್ಣದಂಶವೂ ತುಂಬುತ್ತದೆ, ಹೃದಯದ ಬಡಿತವು ತಾಳ ತಪ್ಪುತ್ತದೆ. ವಿಚಿತ್ರವೇನೆಂದರೆ, ಇದೇ ಏತವನ್ನು ಬಹು ಸ್ವಲ್ಪವಾಗಿ, ಅಳತೆಯರಿತು ತಡೆದರೆ ದುರ್ಬಲವಾದ ಹೃದಯವು ಬಲವಾಗಿ ಮಿಡಿಯುವುದು. ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯರು ೧೭೮೫ರಲ್ಲಿ ಡಿಜಿಟಾಲಿಸ್ ಎಂಬ ಗಿಡದ ಎಲೆಯಿಂದ ಮೈ ಬಾತ ರೋಗಿಗಳಿಗೆ ಗುಣವಾದುದನ್ನು ಗ್ರಂಥರೂಪವಾಗಿ ಪ್ರಕಟಿಸಿದರು. ಆ ಜಾತಿಯ ಗಿಡದಿಂದ ಬಂದ ಡಿಜಾಕ್ಸಿನ್ ಇಂದಿಗೂ ಬಳಕೆಯಲ್ಲಿದೆ. ವಿಷಕ್ಕೂ ಔಷಧಕ್ಕೂ ಬಾಗಿಲು ಒಂದೇ. ಅಳತೆ ಮಾತ್ರ ಬೇರೆ.

ಇನ್ನು ಈ ಉಪನ್ಯಾಸದ ಮುಖ್ಯ ಭಾಗಕ್ಕೆ ಬರುತ್ತೇನೆ. ನಮ್ಮ ಸಣ್ಣ ಕರುಳಿನಲ್ಲಿ ದಿನವೊಂದಕ್ಕೆ ಎಂಟು ಒಂಬತ್ತು ಲೀಟರು ನೀರು ಸೇರುತ್ತದೆ. ಇದರಲ್ಲಿ ನಾವು ಕುಡಿದುದೂ ಉಂಡುದೂ ಸೇರಿ ಸುಮಾರು ಎರಡು ಲೀಟರು. ಉಳಿದುದೆಲ್ಲ ಜೊಲ್ಲು, ಜಠರರಸ, ಪಿತ್ತ ಮೊದಲಾದ ರೂಪದಿಂದ ನಮ್ಮ ರಕ್ತವೇ ಸಾಲವಾಗಿ ಕೊಟ್ಟುದು. ಆರೋಗ್ಯವಂತನ ಕರುಳು ಈ ಸಾಲವನ್ನು ಪೂರ್ತಿಯಾಗಿ ತೀರಿಸುತ್ತದೆ. ಮಲದೊಡನೆ ಹೊರಗೆ ಹೋಗುವ ನೀರು ಒಂದು ಲೋಟದಷ್ಟೂ ಇರುವುದಿಲ್ಲ. ನೀರನ್ನು ರಕ್ತಕ್ಕೆ ಹಿಂದಿರುಗಿಸುವ ಉಪಾಯವೇನೆಂದರೆ, ಮೊದಲು ಉಪ್ಪನ್ನು ಎಳೆದುಕೊಳ್ಳುವುದು. ಉಪ್ಪು ಹೋದ ಕಡೆಗೆ ನೀರು ಹೋಗುವುದು. ಉಪ್ಪಿನಕಾಯಿಗೆ ಉಪ್ಪು ಬೆರೆಸಿಟ್ಟ ಮಾವಿನ ಹೋಳು ನೀರು ಬಿಡುವುದು ಇದೇ ನ್ಯಾಯದಿಂದ.

ಈಗ ಕಾಲರಾ ಎನ್ನಿಸಿಕೊಳ್ಳುವ ವಾಂತಿಭೇದಿಯ ಬೇನೆಯನ್ನು ನೆನೆಯಿರಿ. ಜಾತ್ರೆಗಳಲ್ಲಿಯೂ ತೀರ್ಥಕ್ಷೇತ್ರಗಳಲ್ಲಿಯೂ ಜನ ನೆರೆದಾಗ ಕೆಟ್ಟ ನೀರಿನ ಮೂಲಕವಾಗಿ ಹಬ್ಬಿ, ಊರಿಗೆ ಊರನ್ನೇ ಬರಿದುಮಾಡುತ್ತಿದ್ದ ಈ ಬೇನೆಯ ಕಥೆಗಳನ್ನು ತಮ್ಮ ಮನೆಯ ಹಿರಿಯರಿಂದ ಅನೇಕರು ಕೇಳಿರಬಹುದು. ಬೆಳಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಇಲ್ಲವಾಗುತ್ತಿದ್ದನು. ಇದರ ಕ್ರಿಮಿಯನ್ನು ರಾಬರ್ಟ್ ಕಾಖ್ ಎಂಬ ಜರ್ಮನ್ ಪಂಡಿತರು ೧೮೮೪ರಲ್ಲಿ ಕಲ್ಕತ್ತೆಯಲ್ಲಿ ನಿರ್ಧರಿಸಿದರು. ಆದರೆ ಕ್ರಿಮಿಯು ಕೊಲ್ಲುವ ಬಗೆ ಯಾವುದೆಂಬುದು ಮುಕ್ಕಾಲು ಶತಮಾನದವರೆಗೂ ಸ್ಪಷ್ಟವಾಗಲಿಲ್ಲ. ೧೯೫೯ರಲ್ಲಿ ಅದೇ ಕಲ್ಕತ್ತೆಯ ಶಂಭುನಾಥ ಡೇ ಎಂಬ ವೈದ್ಯವಿದ್ವಾಂಸರು ಮೊಲದ ಕರುಳಿನ ತುಂಡುಗಳಲ್ಲಿ ಪರೀಕ್ಷೆಮಾಡಿ, ಕ್ರಿಮಿಯಿಲ್ಲದ, ಕ್ರಿಮಿಯು ಬಿಟ್ಟ ರಸವೊಂದೇ ಕರುಳಿನಲ್ಲಿ ನೀರನ್ನು ತುಂಬಿಸಬಲ್ಲುದೆಂದು ತೋರಿಸಿದರು. ಕೊಲ್ಲುವುದು ಕ್ರಿಮಿಯ ವಿಷವೆಂಬುದು ಇದರಿಂದ ಸಿದ್ಧವಾಯಿತು.

ಆ ವಿಷವು ಮಾಡುವುದಿಷ್ಟೆ. ಕರುಳಿನ ಕೋಶಗಳ ಒಳಗೆ ಹೊಕ್ಕು, ತೂಬನ್ನು ತೆರೆಯಬೇಕೆಂಬ ಆಜ್ಞೆಯನ್ನು ನಿಲ್ಲದಂತೆ ಕೂಗಿಸುತ್ತದೆ. ಆ ತೂಬಿಗೆ ಸಿ.ಎಫ್.ಟಿ.ಆರ್. ಎಂದು ಹೆಸರು; ಅದು ಉಪ್ಪಿನ ಇನ್ನೊಂದು ಅಂಶವಾದ ಕ್ಲೋರೈಡಿನ ದಾರಿ. ತೂಬು ತೆರೆದೇ ಉಳಿಯುವುದರಿಂದ ಕ್ಲೋರೈಡು ಕರುಳಿನೊಳಕ್ಕೆ ಸುರಿಯುತ್ತದೆ, ಅದರ ಹಿಂದೆ ಸೋಡಿಯಂ, ಅವೆರಡರ ಹಿಂದೆ ನೀರು. ಬೇನೆಯು ತೀವ್ರವಾದಾಗ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗಬಹುದು. ರೋಗಿಯ ರಕ್ತವು ಬತ್ತುತ್ತದೆ, ಕಣ್ಣು ಗುಳಿಬೀಳುತ್ತದೆ, ನಾಡಿ ಅಡಗುತ್ತದೆ. ಉಪ್ಪನ್ನು ಹೀರಿಕೊಳ್ಳುವ ಬೇರೆ ಕೆಲವು ಬಾಗಿಲುಗಳನ್ನೂ ಆ ವಿಷವು ಮುಚ್ಚಿಬಿಡುವುದರಿಂದ, ಬರಿಯ ನೀರನ್ನಾಗಲಿ ಉಪ್ಪುನೀರನ್ನಾಗಲಿ ಎಷ್ಟು ಕುಡಿಸಿದರೂ ಅದು ರಕ್ತವನ್ನು ಸೇರದೆ ಹಾಗೆಯೇ ಹೊರಟುಹೋಗುವುದು. ನೀರಿನ ನಡುವೆಯೇ ಬಾಯಾರಿ ಸಾಯುವನೆಂದು ಆರಂಭದಲ್ಲಿ ಹೇಳಿದುದು ಈ ಸ್ಥಿತಿಯನ್ನೇ.

ಆದರೆ ಆ ವಿಷವು ಒಂದು ಬಾಗಿಲನ್ನು ಮುಟ್ಟಲಾರದು. ಅದೇ ಎಸ್.ಜಿ.ಎಲ್.ಟಿ. ಒಂದು ಎಂಬ ಹರಿಗೋಲು. ಈ ಹರಿಗೋಲಿಗೆ ಕಟ್ಟುನಿಟ್ಟಾದ ನಿಯಮವೊಂದುಂಟು: ಸೋಡಿಯಂ ಕಣಗಳೆರಡೂ ಗ್ಲೂಕೋಸು ಸಕ್ಕರೆಯ ಕಣವೊಂದೂ ಕೂಡಿ ಹತ್ತಿದರೆ ಮಾತ್ರ ಅದು ದಡವನ್ನು ಬಿಡುವುದು. ಸಕ್ಕರೆ ಜೊತೆಗಿಲ್ಲದೆ ಉಪ್ಪನ್ನು ಅದು ದಾಟಿಸದು. ಉಪ್ಪಿಲ್ಲದೆ ಸಕ್ಕರೆಯನ್ನೂ ದಾಟಿಸದು. ಇಬ್ಬರೂ ಕೂಡಿದರೆ ಇಬ್ಬರೂ ಒಳಕ್ಕೆ. ಅವರ ಹಿಂದೆ ನೀರು. ಈ ಹರಿಗೋಲನ್ನು ನೂಕುವ ಬಲವು ನಾನು ಮೊದಲು ಹೇಳಿದ ಏತದಿಂದ ಬರುವುದು. ಏತವು ಕೋಶದೊಳಗಿನ ಸೋಡಿಯಂ ಅನ್ನು ರಕ್ತದ ಕಡೆಗೆ ಎತ್ತಿಹಾಕುತ್ತಲೇ ಇರುವುದರಿಂದ ಕೋಶದೊಳಗೆ ಅದರ ಕೊರತೆಯುಂಟಾಗಿ, ಕರುಳಿನಲ್ಲಿರುವ ಸೋಡಿಯಂ ಒಳಕ್ಕೆ ನುಗ್ಗಲು ಕಾದಿರುತ್ತದೆ.

ಉಪ್ಪು ಸಕ್ಕರೆಗಳ ಈ ಜೋಡಿಪ್ರಯಾಣದ ತತ್ತ್ವವನ್ನು ಅಮೆರಿಕದ ರಾಬರ್ಟ್ ಕ್ರೇನ್ ಎಂಬುವರು ೧೯೬೦ರ ಆಗಸ್ಟಿನಲ್ಲಿ ಪ್ರಾಗ್ ನಗರದಲ್ಲಿ ನಡೆದ ವಿದ್ವತ್ಸಭೆಯ ಮುಂದಿಟ್ಟರು. ಅದಕ್ಕೆ ಮೊದಲೇ, ೧೯೫೩ರಲ್ಲಿ, ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು ಸೌಮ್ಯವಾದ ಕಾಲರಾ ರೋಗಿಗಳಿಗೆ ಉಪ್ಪು ಗ್ಲೂಕೋಸುಗಳ ನೀರನ್ನು ಬಾಯಿಂದಲೇ ಕೊಟ್ಟು ಗುಣಪಡಿಸಿದುದನ್ನು ಪ್ರಕಟಿಸಿದ್ದರು. ಆಗ ಅದಕ್ಕೆ ತಕ್ಕ ಮನ್ನಣೆ ದೊರೆಯಲಿಲ್ಲ. ೧೯೬೮ರಲ್ಲಿ ಢಾಕಾ ನಗರದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನೇಲಿನ್, ರಿಚರ್ಡ್ ಕ್ಯಾಷ್ ಎಂಬ ತರುಣ ವೈದ್ಯರೂ ಅವರ ಸಂಗಡಿಗರೂ ತೀವ್ರವಾದ ರೋಗಿಗಳಿಗೆ ಇದನ್ನು ಅಳತೆಮಾಡಿ ಕೊಟ್ಟು, ರಕ್ತನಾಳದ ಮೂಲಕ ಕೊಡಬೇಕಾದ ದ್ರವದ ಬಹುಭಾಗವನ್ನು ಇದರಿಂದ ಉಳಿಸಬಹುದೆಂದು ತೋರಿಸಿದರು. ಆದರೂ ದೊಡ್ಡ ಆಸ್ಪತ್ರೆಗಳವರು ಸೂಜಿಯ ಚಿಕಿತ್ಸೆಯನ್ನು ಬಿಟ್ಟು ಲೋಟದ ಚಿಕಿತ್ಸೆಯನ್ನು ನಂಬಲು ಹಿಂಜರಿಯುತ್ತಿದ್ದರು.

ಆ ಹಿಂಜರಿಕೆಯನ್ನು ಮುರಿದುದು ೧೯೭೧ರ ಘೋರವಾದ ವಿಪತ್ತು. ಪೂರ್ವ ಬಂಗಾಳದ ಯುದ್ಧದಿಂದ ಪಾರಾಗಲು ಲಕ್ಷಾಂತರ ಜನರು ಗಡಿಯನ್ನು ದಾಟಿ ನಮ್ಮ ದೇಶಕ್ಕೆ ಬಂದರು. ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿ ನಿರಾಶ್ರಿತರ ನಡುವೆ ಕಾಲರಾ ಎದ್ದಿತು. ಅಲ್ಲಿಗೆ ಹೋದ ದಿಲೀಪ ಮಹಲನಬೀಸ್ ಎಂಬ ವೈದ್ಯರ ಎದುರಿಗೆ ರೋಗಿಗಳು ನೆಲದಮೇಲೆಯೇ ಒತ್ತಾಗಿ ಮಲಗಿದ್ದರು. ರಕ್ತನಾಳಕ್ಕೆ ಕೊಡುವ ದ್ರವದ ಸೀಸೆಗಳು ಮುಗಿಯುತ್ತ ಬಂದಿದ್ದುವು. ಅವನ್ನು ಹಾಕಬಲ್ಲ ಕೈಗಳೂ ಸಾಲದಾಗಿದ್ದುವು. ಆಗ ಅವರು ಒಂದು ಲೀಟರು ನೀರಿಗೆ ೨೨ ಗ್ರಾಂ ಗ್ಲೂಕೋಸು, ೩.೫ ಗ್ರಾಂ ಅಡಿಗೆಯ ಉಪ್ಪು, ೨.೫ ಗ್ರಾಂ ಅಡಿಗೆಯ ಸೋಡಾ ಈ ಪ್ರಮಾಣದಲ್ಲಿ ಪೊಟ್ಟಣಗಳನ್ನು ಕಟ್ಟಿಸಿ, ಪಾತ್ರೆಗಳಲ್ಲಿ ಕರಗಿಸಿಡಿಸಿ, ರೋಗಿಗಳ ಮನೆಯವರ ಕೈಯಿಂದಲೇ ಲೋಟಲೋಟವಾಗಿ ಕುಡಿಸಿದರು. ತಾಯಿ ಮಗನಿಗೆ ಕುಡಿಸಿದಳು, ಅಣ್ಣನು ತಂಗಿಗೆ ಕುಡಿಸಿದನು. ನೂರಕ್ಕೆ ಸುಮಾರು ೩೦ ಮಂದಿ ಸಾಯುತ್ತಿದ್ದೆಡೆಯಲ್ಲಿ ಅವರ ಆರೈಕೆಗೆ ಬಂದವರಲ್ಲಿ ನೂರಕ್ಕೆ ೩.೬ರಷ್ಟು ಮಾತ್ರ ಸತ್ತರೆಂದು ಅವರು ೧೯೭೩ರಲ್ಲಿ ಪ್ರಕಟಿಸಿದ ವರದಿಯಿಂದ ತಿಳಿಯುತ್ತದೆ. ೧೯೭೮ರಲ್ಲಿ ಲಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯು, ಉಪ್ಪು ಸಕ್ಕರೆಗಳ ಈ ಜೋಡಿಯನ್ನು ಅರಿತುದು ಶತಮಾನದ ಅತಿಮುಖ್ಯವಾದ ವೈದ್ಯಲಾಭವಾಗಬಹುದೆಂಬ ಅಭಿಪ್ರಾಯವನ್ನು ಬರೆಯಿತು. ಮಹಲನಬೀಸರು ೨೦೨೨ರಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತು ಗೌರವಿಸಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ನೀರನ್ನು ಕುಡಿಸಿದೊಡನೆ ಭೇದಿಯು ನಿಲ್ಲುವುದಿಲ್ಲ. ಇದನ್ನರಿಯದೆ ಎಷ್ಟೋ ತಾಯಂದಿರು, ಕುಡಿಸಿದುದು ಫಲಿಸಲಿಲ್ಲವೆಂದು ಬಗೆದು ಕುಡಿಸುವುದನ್ನೇ ಬಿಟ್ಟುಬಿಡುತ್ತಾರೆ. ತೂಬು ಇನ್ನೂ ತೆರೆದೇ ಇದೆ. ಅದನ್ನು ಮುಚ್ಚುವುದು ಈ ನೀರಿನ ಕೆಲಸವಲ್ಲ. ಹೊರಕ್ಕೆ ಹೋಗುವಷ್ಟನ್ನು ಹರಿಗೋಲಿನ ಮೂಲಕ ಒಳಕ್ಕೆ ತರುತ್ತ ಜೀವವನ್ನು ಹಿಡಿದಿಡುವುದೇ ಇದರ ಕೆಲಸ. ಕರುಳಿನ ಒಳಪದರದ ಕೋಶಗಳು ನಾಲ್ಕೈದು ದಿನಗಳಲ್ಲಿ ಉದುರಿ ಹೊಸವು ಹುಟ್ಟುವುವು. ವಿಷ ಹತ್ತಿದ ಕೋಶಗಳು ಹೋಗಿ ಹೊಸ ಕೋಶಗಳು ಬರುವವರೆಗೆ ರೋಗಿಯು ಬದುಕಿದ್ದರೆ ಗೆದ್ದಂತೆಯೇ. ಆದುದರಿಂದ ಭೇದಿ ನಿಂತಿತೇ ಎಂದು ನೋಡಬಾರದು. ಮಗುವಿನ ಕಣ್ಣಿಗೆ ಕಳೆ ಬಂದಿತೇ, ಮೂತ್ರವಾಯಿತೇ ಎಂದು ನೋಡಬೇಕು.

ಹರಿಗೋಲೇ ಇಲ್ಲದೆ ಹುಟ್ಟುವ ಶಿಶುಗಳೂ ಬಹು ವಿರಳವಾಗಿ ಉಂಟು. ಅಂತಹ ಶಿಶುವಿಗೆ ತಾಯಿಯ ಹಾಲೇ ಭೇದಿಯನ್ನುಂಟುಮಾಡುವುದು. ಏಕೆಂದರೆ ಹಾಲಿನ ಸಕ್ಕರೆಯು ಒಡೆದು ಆಗುವ ಎರಡು ಸಕ್ಕರೆಗಳೂ ಇದೇ ಹರಿಗೋಲಿನಲ್ಲಿಯೇ ದಾಟಬೇಕು. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸಿಗೆ ಬೇರೆ ಬಾಗಿಲಿದೆ. ಆ ಸಕ್ಕರೆಯಿಂದ ಮಾಡಿದ ಆಹಾರವನ್ನು ಕೊಟ್ಟರೆ, ಸಾಯಬೇಕಾಗಿದ್ದ ಶಿಶುವು ಚೆನ್ನಾಗಿ ಬೆಳೆಯುವುದು.

ತೂಬು ಮುಚ್ಚದಿರುವುದು ಒಂದು ವ್ಯಾಧಿಯಾದರೆ, ಅದೇ ತೂಬು ತೆರೆಯದಿರುವುದು ಮತ್ತೊಂದು ವ್ಯಾಧಿ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಈ ವ್ಯಾಧಿಯು ಯೂರೋಪಿನ ಜನಾಂಗಗಳಲ್ಲಿ ಹೆಚ್ಚು. ನಮ್ಮ ದೇಶದಲ್ಲಿಯೂ ಇದೆ, ಆದರೆ ಅನೇಕ ವೇಳೆ ಗುರುತಿಸಲ್ಪಡುವುದಿಲ್ಲ. ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಜೀನು ಬಂದ ಮಗುವಿನಲ್ಲಿ ಸಿ.ಎಫ್.ಟಿ.ಆರ್. ತೂಬು ಸರಿಯಾಗಿ ಕೆಲಸಮಾಡದು. ಶ್ವಾಸಕೋಶದ ದಾರಿಗಳಲ್ಲಿ ತೇವವು ಸಾಲದೆ ಕಫವು ಅಂಟಿನಂತೆ ಗಟ್ಟಿಯಾಗಿ, ಅದರಲ್ಲಿ ಕ್ರಿಮಿಗಳು ನೆಲೆಸುತ್ತವೆ. ಮೇದೋಜೀರಕದ ನಾಳವು ಕಟ್ಟಿಕೊಂಡು ಉಂಡುದು ಜೀರ್ಣವಾಗದು. ಬೆವರಿನ ನಾಳದಲ್ಲಿ ಮಾತ್ರ ಈ ತೂಬಿನ ಕೆಲಸವು ತಿರುವುಮುರುವು. ಅಲ್ಲಿ ಅದು ಉಪ್ಪನ್ನು ಹಿಂದಕ್ಕೆ ಪಡೆಯುವ ದಾರಿ. ಅದು ಕೆಟ್ಟುದರಿಂದ ಈ ಮಕ್ಕಳ ಬೆವರು ಅತಿಯಾಗಿ ಉಪ್ಪಾಗಿರುತ್ತದೆ. ೧೯೪೮ರಲ್ಲಿ ನ್ಯೂಯಾರ್ಕಿನಲ್ಲಿ ವಿಪರೀತವಾದ ಬಿಸಿಲಿನ ಹೊಡೆತವುಂಟಾದಾಗ ಈ ವ್ಯಾಧಿಯ ಮಕ್ಕಳು ಬಳಲಿ ಆಸ್ಪತ್ರೆಗೆ ಬಂದುದನ್ನು ಕಂಡು, ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ವೈದ್ಯರು ವಿಚಾರಮಾಡಿ ೧೯೫೩ರಲ್ಲಿ ಬೆವರಿನ ಉಪ್ಪಿನ ಸಂಗತಿಯನ್ನು ಹೊರಗೆಡಹಿದರು. ಇಂದಿಗೂ ಬೆವರಿನ ಪರೀಕ್ಷೆಯೇ ಈ ವ್ಯಾಧಿಯ ನಿರ್ಣಯಕ್ಕೆ ಮುಖ್ಯವಾದ ಆಧಾರ. ೧೯೮೯ರಲ್ಲಿ ಇದರ ಜೀನು ಗೊತ್ತಾಯಿತು. ೧೪೮೦ ಕೊಂಡಿಗಳ ಸರಪಣಿಯಂತಿರುವ ಈ ಪ್ರೋಟೀನಿನಲ್ಲಿ ಒಂದೇ ಒಂದು ಕೊಂಡಿ, ಐನೂರ ಎಂಟನೆಯದು, ತಪ್ಪಿಹೋಗುವುದೇ ಬಹು ಮಂದಿ ರೋಗಿಗಳ ಕಷ್ಟಕ್ಕೆಲ್ಲ ಕಾರಣ. ಬಾಗಿಲು ಹೀಗೆ ಪರಿಚಿತವಾದ ಮೇಲೆ ಅದನ್ನು ರಿಪೇರಿಮಾಡುವ ಔಷಧಗಳು ೨೦೧೨ರಿಂದ ಈಚೆಗೆ ಬಂದಿವೆ. ಮೂರು ಔಷಧಗಳನ್ನು ಕೂಡಿಸಿದ ಮಾತ್ರೆಯು ೨೦೧೯ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಹಿಂದೆ ಶಾಲೆಯನ್ನು ಸೇರುವ ವಯಸ್ಸಿಗೇ ಅಳಿದುಹೋಗುತ್ತಿದ್ದ ಮಕ್ಕಳು ಈಗ ದೊಡ್ಡವರಾಗಿ ಸಂಸಾರ ನಡೆಸುತ್ತಿದ್ದಾರೆ. ಆದರೆ ಅದರ ಬೆಲೆಯು ಬಡವರ ಕೈಗೆ ಎಟುಕದಷ್ಟಿರುವುದು ವಿಷಾದಕರ. ಒಂದು ತೂಬಿನ ಒಂದು ದೋಷಕ್ಕೆ ಕಾಸಿನ ಮದ್ದು, ಅದರ ಇನ್ನೊಂದು ದೋಷಕ್ಕೆ ಲಕ್ಷದ ಮದ್ದು!

ಇನ್ನು ನಮ್ಮ ನಾಡಿನಲ್ಲಿ ಮನೆಮನೆಗೂ ಪರಿಚಿತವಾಗಿರುವ ಸಿಹಿಮೂತ್ರದ ವಿಚಾರ. ಮೂತ್ರಪಿಂಡಗಳು ದಿನಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರೊಡನೆ ಸುಮಾರು ೧೮೦ ಗ್ರಾಂ ಗ್ಲೂಕೋಸೂ ಸೋರುತ್ತದೆ. ಆರೋಗ್ಯವಂತನಲ್ಲಿ ಅದೆಲ್ಲವನ್ನೂ ಎಸ್.ಜಿ.ಎಲ್.ಟಿ. ಎರಡು, ಎಸ್.ಜಿ.ಎಲ್.ಟಿ. ಒಂದು ಎಂಬ ಅಣ್ಣತಮ್ಮ ಹರಿಗೋಲುಗಳು ಹಿಂದಕ್ಕೆ ತರುತ್ತವೆ. ಅಣ್ಣನದೇ ನೂರಕ್ಕೆ ತೊಂಬತ್ತು ಪಾಲು. ರಕ್ತದಲ್ಲಿ ಸಕ್ಕರೆಯು ಮಿತಿಮೀರಿದಾಗ ಹರಿಗೋಲುಗಳು ತುಂಬಿಹೋಗಿ, ಉಳಿದುದು ಮೂತ್ರಕ್ಕೆ ಇಳಿಯುತ್ತದೆ. ೧೮೩೫ರಲ್ಲಿ ಸೇಬಿನ ಮರದ ತೊಗಟೆಯಿಂದ ತೆಗೆಯಲ್ಪಟ್ಟ ಫ್ಲೋರಿಜಿನ್ ಎಂಬ ಕಹಿ ಪದಾರ್ಥವು ಮೂತ್ರದಲ್ಲಿ ಸಕ್ಕರೆಯನ್ನು ಇಳಿಸುವುದೆಂದು ೧೮೮೦ರ ದಶಕದಲ್ಲಿಯೇ ಗೊತ್ತಾಗಿತ್ತು. ಅದು ಈ ಹರಿಗೋಲುಗಳನ್ನೇ ತಡೆಯುವುದೆಂಬುದು ಬಹುಕಾಲದ ಮೇಲೆ ತಿಳಿಯಿತು. ಅದನ್ನು ಮಾದರಿಯಾಗಿಟ್ಟುಕೊಂಡು ಅಣ್ಣ ಹರಿಗೋಲನ್ನು ತಡೆಯುವ ಔಷಧಗಳನ್ನು ರಚಿಸಿದರು. ಇವು ೨೦೧೨ರಿಂದೀಚೆಗೆ ಬಳಕೆಗೆ ಬಂದು, ಸಕ್ಕರೆಯನ್ನು ಇಳಿಸುವುದಲ್ಲದೆ, ಸೋತ ಹೃದಯಕ್ಕೂ ಮೂತ್ರಪಿಂಡಕ್ಕೂ ರಕ್ಷೆಯಾಗುವುವೆಂದು ೨೦೧೫ರಿಂದ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಇವನ್ನು ವೈದ್ಯರ ಅಪ್ಪಣೆಯಿಲ್ಲದೆ ಸೇವಿಸಕೂಡದು. ವಾಂತಿಭೇದಿಯಾದಾಗಲೂ ಉಪವಾಸವಿರುವಾಗಲೂ ಇವುಗಳ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ನಡೆಯಬೇಕು.

ಸಿಹಿಮೂತ್ರಕ್ಕೆ ಸಂಬಂಧಪಟ್ಟ ಇನ್ನೊಂದು ಬಾಗಿಲು ಮಾಂಸಖಂಡಗಳಲ್ಲಿದೆ. ಗ್ಲೂಟ್ ನಾಲ್ಕು ಎಂಬ ಈ ಬಾಗಿಲು ಸಾಮಾನ್ಯವಾಗಿ ಕೋಶದ ಒಳಗಡೆ ಅಡಗಿರುತ್ತದೆ. ಊಟವಾದ ಮೇಲೆ ಇನ್ಸುಲಿನ್ ಎಂಬ ದೂತನು ಬಂದು ಕರೆದಾಗ ಪೊರೆಗೆ ಬಂದು ನಿಂತು, ರಕ್ತದ ಸಕ್ಕರೆಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಪ್ರೌಢವಯಸ್ಸಿನಲ್ಲಿ ಬರುವ ಸಿಹಿಮೂತ್ರದವರಲ್ಲಿ ದೂತನು ಬಂದು ಕರೆದರೂ ಈ ಬಾಗಿಲು ಓಗೊಡುವುದು ಕಡಿಮೆ. ಆದರೆ ಈ ಬಾಗಿಲನ್ನು ಕರೆಯುವ ಮತ್ತೊಂದು ದನಿಯುಂಟು. ಅದು ಮೈಯ ದುಡಿಮೆ. ಮಾಂಸಖಂಡವು ಕುಗ್ಗಿ ಹಿಗ್ಗಿ ಕೆಲಸಮಾಡಿದರೆ, ದೂತನ ಕರೆಗೆ ಕಾಯದೆಯೇ ಬಾಗಿಲು ಹೊರಗೆ ಬರುವುದು. ಊಟದ ಮೇಲೆ ಸ್ವಲ್ಪ ದೂರ ನಡೆಯಿರೆಂದು ವೈದ್ಯರು ಹೇಳುವುದಕ್ಕೆ ಇದೇ ಕಾರಣ. ಈ ಔಷಧಕ್ಕೆ ಯಾವ ಅಂಗಡಿಯೂ ಬೇಕಿಲ್ಲ.

ಮೂಕಪ್ರಾಣಿಗಳ ವಿಚಾರವಾಗಿಯೂ ಎರಡು ಮಾತು ಹೇಳಬೇಕು. ಎಳಗರುಗಳಿಗೆ ಭೇದಿ ಹತ್ತಿದಾಗ ಉಪ್ಪು ಗ್ಲೂಕೋಸುಗಳ ನೀರನ್ನು ಕುಡಿಸಿ ಪಶುವೈದ್ಯರು ಬದುಕಿಸುವುದುಂಟು. ಕರುವಿನ ಕರುಳಿನಲ್ಲಿರುವುದೂ ಅದೇ ಹರಿಗೋಲೇ. ನಮ್ಮ ಮಿದುಳಿನ ರಕ್ತನಾಳಗಳಲ್ಲಿ ಕಾವಲುಗಾರನಂತಹ ಏತವೊಂದಿದೆ. ಬೇಡದ ಪದಾರ್ಥಗಳು ರಕ್ತದಿಂದ ಮಿದುಳಿಗೆ ನುಗ್ಗಿದರೆ ಅವನ್ನು ಹಿಡಿದು ಹೊರಕ್ಕೆ ಎಸೆಯುತ್ತದೆ. ಕೋಲಿ ಎಂಬ ಜಾತಿಯ ಕುರಿಕಾಯುವ ನಾಯಿಗಳಲ್ಲಿ ಅನೇಕಕ್ಕೆ ಈ ಕಾವಲುಗಾರನು ಹುಟ್ಟಿನಿಂದಲೇ ಇಲ್ಲ. ದನ, ಕುರಿ, ನಾಯಿಗಳ ಹುಳುಬಾಧೆಗೆ ಕೊಡುವ ಐವರ್ಮೆಕ್ಟಿನ್ ಎಂಬ ಔಷಧವು ಬೇರೆ ನಾಯಿಗಳಿಗೆ ನಿರಪಾಯವಾದ ಅಳತೆಯಲ್ಲಿಯೂ ಇಂತಹ ನಾಯಿಯ ಮಿದುಳನ್ನು ಹೊಕ್ಕು ಅದನ್ನು ಕೆಡಹಬಲ್ಲುದು. ಜೀನಿನಲ್ಲಿ ನಾಲ್ಕು ಅಕ್ಷರಗಳಷ್ಟು ಲೋಪವಾದುದೇ ಇದರ ಕಾರಣವೆಂದು ೨೦೦೧ರಲ್ಲಿ ಗೊತ್ತಾಯಿತು. ಇದೇ ಕಾವಲುಗಾರನು ಅರ್ಬುದದ ಕೋಶಗಳಲ್ಲಿ ಹೆಚ್ಚಾಗಿದ್ದರೆ ಮದ್ದನ್ನೇ ಹೊರಕ್ಕೆ ಎಸೆದು ಚಿಕಿತ್ಸೆಯನ್ನು ಕೆಡಿಸುವನು. ಕಾವಲು ಇಲ್ಲದಿದ್ದರೂ ಕೇಡು, ತಪ್ಪಿದೆಡೆಯಲ್ಲಿ ಕಾವಲಿದ್ದರೂ ಕೇಡು.

ಮಹನೀಯರೇ, ತಾಯಂದಿರೇ, ಇಷ್ಟೆಲ್ಲವನ್ನೂ ಕೇಳಿದ ಮೇಲೆ ತಾವು ಮನೆಗೆ ಕೊಂಡೊಯ್ಯಬೇಕಾದ ಮಾತು ಬಹು ಚಿಕ್ಕದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಇಂದಿಗೂ ಜಗತ್ತಿನಲ್ಲಿ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟ ಮಕ್ಕಳು ವರ್ಷವೊಂದಕ್ಕೆ ಭೇದಿಯಿಂದ ಸಾಯುತ್ತಿದ್ದಾರೆ. ಅವರಲ್ಲಿ ಬಹು ಮಂದಿಗೆ ಬೇಕಾಗಿದ್ದುದು ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ದೊರೆಯುವ, ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಧರ್ಮಾರ್ಥವಾಗಿ ದೊರೆಯುವ ಒಂದು ಪೊಟ್ಟಣ. ಓ.ಆರ್.ಎಸ್. ಎಂಬ ಈ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ನೀರಿನಲ್ಲಿ, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ಕರಗಿಸಬೇಕು. ಪೊಟ್ಟಣವು ದೊರೆಯದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಸಮಮಟ್ಟವಾಗಿ ಆರು ಚಹದ ಚಮಚ ಸಕ್ಕರೆಯನ್ನೂ ಅರ್ಧ ಚಹದ ಚಮಚ ಉಪ್ಪನ್ನೂ ಹಾಕಿ ಕರಗಿಸಬೇಕು. ಅಳತೆಯು ಮುಖ್ಯ. ಸಕ್ಕರೆ ಹೆಚ್ಚಾದರೆ ಅದೇ ನೀರನ್ನು ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುವುದು. ಸೀಸೆಯ ಸಿಹಿ ಪಾನಕಗಳು ಕೂಡದೆನ್ನುವುದು ಇದಕ್ಕಾಗಿಯೇ. ಉಪ್ಪು ಹೆಚ್ಚಾದರೆ ಮಗುವಿನ ಪ್ರಾಣಕ್ಕೇ ಅಪಾಯ. ಕಲಸಿದ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಇಡಬಾರದು. ನಮ್ಮ ಅಜ್ಜಿಯರು ಕೊಡುತ್ತಿದ್ದ ಉಪ್ಪು ಬೆರೆಸಿದ ಅಕ್ಕಿಯ ಗಂಜಿಯೂ ಒಳ್ಳೆಯದೇ. ಅಕ್ಕಿಯ ಹಿಟ್ಟು ಕರುಳಿನಲ್ಲಿ ಒಡೆದು ಗ್ಲೂಕೋಸಾಗಿ, ಉಪ್ಪಿನೊಡನೆ ಅದೇ ಹರಿಗೋಲನ್ನು ಹತ್ತುವುದು.

ಮಗುವು ವಾಂತಿಮಾಡಿದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ ಕುಡಿಸಬೇಕು. ತಾಯಿಯ ಹಾಲನ್ನು ನಿಲ್ಲಿಸಕೂಡದು, ಉಣಿಸುವುದನ್ನೂ ನಿಲ್ಲಿಸಕೂಡದು. ಭೇದಿಯಾದ ಮಗುವಿಗೆ ನೀರು ಕೊಡಬಾರದೆಂಬ ಹಳೆಯ ನಂಬಿಕೆಯು ಇನ್ನೂ ಕೆಲವು ಮನೆಗಳಲ್ಲಿದೆ. ಅದರಿಂದ ಹೋದ ಜೀವಗಳಿಗೆ ಲೆಕ್ಕವಿಲ್ಲ. ವೈದ್ಯರು ಕೊಡುವ ಸತುವಿನ ಮಾತ್ರೆಯನ್ನು ಹೇಳಿದಷ್ಟು ದಿನ ತಪ್ಪದೆ ಕೊಡಬೇಕು. ಮಗುವು ಮಂಕಾಗಿ ಮಲಗಿದರೆ, ಕುಡಿಯಲಾರದಾದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು; ದಾರಿಯಲ್ಲಿಯೂ, ನುಂಗಬಲ್ಲ ಮಗುವಿಗೆ, ಕುಡಿಸುತ್ತಲೇ ಇರಬೇಕು.

ಸಾವಿರಾರು ಭಕ್ತರು ಒಂದೆಡೆ ನೆರೆದು ಒಂದೇ ಪಂಕ್ತಿಯಲ್ಲಿ ಪ್ರಸಾದವನ್ನು ಸ್ವೀಕರಿಸುವ ಇಂತಹ ಉತ್ಸವಗಳಲ್ಲಿ ಶುದ್ಧವಾದ ಕುಡಿಯುವ ನೀರಿನ ಏರ್ಪಾಡಿನ ಪಕ್ಕದಲ್ಲಿ ಈ ಪೊಟ್ಟಣಗಳದೊಂದು ಪೆಟ್ಟಿಗೆಯೂ, ಕಲಸಿಕೊಡಬಲ್ಲ ಇಬ್ಬರು ಸ್ವಯಂಸೇವಕರೂ ಇರುವಂತಾದರೆ ಅದು ಅನ್ನದಾನಕ್ಕೆ ಸಮನಾದ ಸೇವೆಯೆಂದು ನಾನು ಭಾವಿಸುತ್ತೇನೆ. ದೊಡ್ಡ ವಿದ್ವಾಂಸರು ಏಡಿಯ ಕಾಲಿನಲ್ಲಿಯೂ ಮೊಲದ ಕರುಳಿನಲ್ಲಿಯೂ ವರ್ಷಗಟ್ಟಲೆ ಹುಡುಕಿ ಕಂಡುಕೊಂಡ ಬಾಗಿಲಿನ ಬೀಗದಕೈಯು ಕೊನೆಗೆ ನಮ್ಮ ಅಡಿಗೆಮನೆಯ ಎರಡು ಡಬ್ಬಿಗಳಲ್ಲಿಯೇ ಇದ್ದಿತು. ಅದನ್ನು ಅಳತೆಯರಿತು ಬಳಸುವುದಷ್ಟೇ ನಮ್ಮ ಪಾಲಿಗೆ ಉಳಿದಿರುವ ಕೆಲಸ.